ನಾನು ಹಗೇವಿಗೆ ಇಳಿದಿರಲಿಲ್ಲ

ದೆವ್ವ ಕಂಡದ್ದು, ಮೈಮೇಲೆ ದೇವರು ಬಂದದ್ದು, ಸತ್ತವರು ಬಂದು ಬಾಗಿಲು ಬಡಿದದ್ದು, ಇಂಥವನ್ನು ಯಾರಾದರೂ ಹೇಳಲು ಶುರುಮಾಡಿದರೆ ನಾನು ಎದ್ದು ಹೋಗುವ ಪೈಕಿ. ಎದ್ದು ಹೋಗದೆ ಕುಳಿತರೆ ಜಗಳ ತೆಗೆಯುತ್ತಿದ್ದೆ. ನೀನು ನಿನ್ನ ಕಣ್ಣಿನಿಂದ ನೋಡಿದೆಯಾ ಎಂದು ಕೇಳುತ್ತಿದ್ದೆ. ಇಲ್ಲ, ನಮ್ಮ ಸೋದರಮಾವ ನೋಡಿದ್ದ ಅನ್ನುತ್ತಿದ್ದರು. ಸೋದರಮಾವನನ್ನು ಹಿಡಿದು ಕೇಳಿದರೆ ಅವನು ತನ್ನ ಅಳಿಯನ ಮೇಲೆ ಹಾಕುತ್ತಿದ್ದ. ನೋಡಿದವನು ಎಂದೂ ಕೈಗೆ ಸಿಗಲಿಲ್ಲ. ಆಳಂದದ ಪೇಟೆಯಲ್ಲಿ ನಮ್ಮದು ಬಟ್ಟೆಯ ಅಂಗಡಿ. ಗಜಕೋಲು ಹಿಡಿದು ಬೆಳೆದವನಿಗೆ ಅಳತೆಗೆ ಸಿಗದ ವಸ್ತು ಇದೆಯೆಂದರೆ ನಗು ಬರುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ.

ಹಾಗೆ ನಗುತ್ತಿದ್ದವನ ಮೇಲೇ ಒಂದು ಸಂಗತಿ ಬಂದು ಬಿತ್ತು. ಎಷ್ಟೋ ವರ್ಷ ಅದನ್ನು ಯಾರ ಮುಂದೆಯೂ ಪೂರ್ತಿ ಹೇಳಲಿಲ್ಲ, ಯಾಕೆಂದರೆ ನಾನೇ ಎದ್ದು ಹೋಗುವಂಥ ಕತೆ ಅದು. ನೀವು ನಂಬಲೇಬೇಕೆಂದು ನನ್ನ ಹಟವಿಲ್ಲ. ನಂಬದೆ, ಹೀಗೆ ಹೀಗೆ ನಡೆದಿರಬೇಕು ಎಂದು ಯಾರಾದರೂ ಬಿಡಿಸಿ ಹೇಳಿದರೆ ಅವರಿಗೆ ಒಂದು ಜೋಡಿ ಧೋತರ ಉಡುಗೊರೆ ಕೊಡುತ್ತೇನೆ.

ಶರಣಪ್ಪ ಸರಸಂಬಾದ ರೈತ. ನನ್ನ ಗೆಳೆಯ. ಆಳಂದದಲ್ಲಿ ನಾವಿಬ್ಬರೂ ಉರ್ದು ಶಾಲೆಗೆ ಹೋದವರು, ಒಬ್ಬನೇ ಮುನ್ಶಿಯ ಕೈಯಲ್ಲಿ ಒಂದೇ ಬೆತ್ತದಿಂದ ಏಟು ತಿಂದವರು. ಶಾಲೆ ಇರುವ ದಿನಗಳಲ್ಲಿ ಅವನು ನಮ್ಮ ಮನೆಯಲ್ಲೇ ಇರುತ್ತಿದ್ದ, ರಜೆಯಲ್ಲಿ ನಾನು ಅವರ ಮನೆಯಲ್ಲಿ. ಅವನ ತಾಯಿ ನಿಂಗವ್ವ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಇದ್ದ ಒಬ್ಬ ಮಗನನ್ನು ಹೊಲ ಮಾಡಿ ಸಾಕಿದವಳು. ದೊಡ್ಡವರಾದ ಮೇಲೆ ಅವನು ಒಕ್ಕಲುತನಕ್ಕೆ ನಿಂತ, ನಾನು ಅಂಗಡಿಯಲ್ಲಿ ಕುಳಿತೆ. ಸಂತೆಯ ದಿನ ಬಂದರೆ ನಮ್ಮ ಗಾದಿಯ ಮೇಲೆ ಕುಳಿತು ನನ್ನ ಕೈ ಹಿಡಿದು ತಿರುಗಿಸಿ ನೋಡಿ, ಹತ್ತಿ ಮುಟ್ಟಿ ಮುಟ್ಟಿ ನಿನ್ನ ಕೈಯೂ ಹತ್ತಿಯಾಗಿದೆ, ಬಾಣಂತಿಯ ಕೂಸನ್ನು ಎರೆಯಲಿಕ್ಕೆ ಹೋಗು ಎಂದು ಗಿರಾಕಿಗಳ ಎದುರೇ ಹಾಸ್ಯ ಮಾಡುತ್ತಿದ್ದ.

ಅದು ಯುದ್ಧದ ಕಾಲ, ನಿಜಾಮರ ರಾಜ್ಯ. ರೈತರಿಂದ ಲೆವಿ ಎಂದು ಜೋಳ ಎತ್ತುತ್ತಿದ್ದರು. ಕೊಟ್ಟ ಮೇಲೆ ಉಳಿದದ್ದು ಮನೆಯಲ್ಲಿ ಕಂಡರೆ ಮತ್ತೆ ಎತ್ತುತ್ತಾರೆಂಬ ಹೆದರಿಕೆ ಎಲ್ಲರಿಗೂ ಇತ್ತು. ಹಾಗಾಗಿ ಬಚಾವಾದ ಕಾಳೆಲ್ಲ ಹಗೇವಿನೊಳಗೆ ಇತ್ತು. ಹಗೇವು ಅಂದರೆ ನಮ್ಮ ಕಡೆ ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಬಾಯಿ ಒಬ್ಬ ಮನುಷ್ಯ ಮೈ ಸಣ್ಣ ಮಾಡಿಕೊಂಡು ಇಳಿಯುವಷ್ಟು; ಒಳಗೆ ಹೊಟ್ಟೆ ಮಾತ್ರ ಕೋಣೆಯಷ್ಟು ಅಗಲ. ಮೇಲೆ ಕಲ್ಲು ಮುಚ್ಚಿ ಮಣ್ಣು ಎಳೆದರೆ ಅಲ್ಲೊಂದು ಹಗೇವಿದೆ ಎಂದು ಪರವೂರಿನವನಿಗೆ ತಿಳಿಯುವುದಿಲ್ಲ. ತೆಗೆಯುವಾಗ ಮಾತ್ರ ಹುಷಾರಾಗಿರಬೇಕು. ಒಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ. ಬಾಯಿ ತೆರೆದು ಒಂದು ರಾತ್ರಿ ಬಿಡಬೇಕು, ಆಮೇಲೆ ದೀಪ ಇಳಿಬಿಟ್ಟು ನೋಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಇದು ಅಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಹಗೇವು ಇರುವ ಜಾಗಗಳನ್ನೂ ಅಗೆಸಿ ನೋಡುತ್ತಾರೆಂಬ ಸುದ್ದಿ ಹಬ್ಬಿತು. ಶರಣಪ್ಪನ ಹಗೇವು ಊರ ಹೊರಗೆ, ಹಳ್ಳದ ಪಕ್ಕದ ಕಣದಲ್ಲಿತ್ತು. ಅಲ್ಲಿನ ಜೋಳ ತೆಗೆದು ಬೇರೆ ಕಡೆ ಸಾಗಿಸಬೇಕು, ಊರಿನವರ ಬಾಯಿ ಮೇಲೆ ಭರವಸೆ ಇಲ್ಲ, ನೀನೇ ಬಾ ಎಂದು ನನ್ನನ್ನು ಕರೆದ. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವನು ಹಿಂದಿನ ರಾತ್ರಿಯೇ ಬಾಯಿ ತೆರೆದು ಗಾಳಿಯಾಡಲು ಬಿಟ್ಟಿದ್ದ. ದೀಪ ಬಿಟ್ಟೆವು, ಚೆನ್ನಾಗಿ ಉರಿಯಿತು. ಅವನು ಇಳಿದು ಪುಟ್ಟಿಗೆ ಜೋಳ ತುಂಬುವುದು, ನಾನು ಮೇಲೆ ನಿಂತು ಹಗ್ಗದಿಂದ ಪುಟ್ಟಿ ಎಳೆದು ಚೀಲಕ್ಕೆ ಸುರಿಯುವುದು. ಬಿಸಿಲೇರುವ ತನಕ ಕೆಲಸ ಸಲೀಸಾಗಿ ನಡೆಯಿತು.

ಅಷ್ಟರಲ್ಲಿ ಹಳ್ಳದ ದಾರಿಯಲ್ಲಿ ಕಚೇರಿಯ ಚಪರಾಸಿಯೊಬ್ಬ ಬರುವುದು ಕಂಡಿತು. ಶರಣಪ್ಪ ಗಡಬಡಿಸಿ ಮೇಲೆ ಹತ್ತಿದ. ಹಗೇವಿನ ಬಾಯಿಗೆ ಕಲ್ಲು ಎಳೆದು, ಮೇಲೆ ಹೊಟ್ಟು ಹರವಿ, ಚೀಲಗಳ ಮೇಲೆ ಜೋಳದ ದಂಟಿನ ಕಣಿಕೆ ಒಟ್ಟಿ, ಇಬ್ಬರೂ ಆ ಹೊಟ್ಟಿನ ಮೇಲೇ ಕಾಲು ಚಾಚಿ ಕುಳಿತೆವು. ಚಪರಾಸಿ ಒಳ್ಳೆಯ ಮನುಷ್ಯ. ನೀರು ಕೇಳಿದ, ಕುಡಿದ, ಬೇವಿನ ನೆರಳಿಗೆ ಕುಳಿತ, ಮಗಳ ನಿಶ್ಚಯದ ಸುದ್ದಿ ತೆಗೆದ. ಹೋಗುವ ಲಕ್ಷಣವೇ ಇಲ್ಲ. ನಾವು ಹೌದ್ರಿ ಹೌದ್ರಿ ಎನ್ನುತ್ತ ಕುಳಿತೆವು, ಕೆಳಗೆ ಜೋಳ, ಮೇಲೆ ನಾವು. ಕೊನೆಗೆ ಮಧ್ಯಾಹ್ನ ಇಳಿಮುಖವಾಗುವಾಗ ಅವನು ಎದ್ದು ಹೋದ.

ಶರಣಪ್ಪನಿಗೆ ತಾಳ್ಮೆ ಹೋಗಿಬಿಟ್ಟಿತ್ತು. ಕಲ್ಲು ಸರಿಸಿದ್ದೇ ಕಾಲು ಇಳಿಬಿಟ್ಟ. ದೀಪ ನೋಡೋಣ ಎಂದೆ. ಬೆಳಿಗ್ಗೆಯಿಂದ ಇದರಲ್ಲೇ ಇದ್ದೇನಲ್ಲ, ಇನ್ನೇನು ದೀಪ ಎಂದು ಬೈದು ಇಳಿದೇಬಿಟ್ಟ. ಮುಚ್ಚಿದ ಅಷ್ಟು ಹೊತ್ತಿನಲ್ಲಿ ಮತ್ತೆ ಕೆಟ್ಟ ಗಾಳಿ ಕಟ್ಟೀತು ಎಂದು ಅವನಿಗೆ ಹೊಳೆಯಲಿಲ್ಲ. ತಲತಲಾಂತರದಿಂದ ಹಗೇವು ತೆಗೆದ ಮನೆತನದವನಿಗೇ ಹೊಳೆಯದ ಮೇಲೆ ನಾನು ಪಟ್ಟು ಹಿಡಿಯುವುದು ಹೇಗೆ!

ಪುಟ್ಟಿ ಇಳಿಬಿಟ್ಟೆ. ಕೆಳಗೆ ಅರೆಬರೆ ತುಂಬಿದ ಸದ್ದು ಕೇಳಿತು. ಆಮೇಲೆ ಸದ್ದಿಲ್ಲ. ಕರೆದೆ, ಉತ್ತರವಿಲ್ಲ. ಬಗ್ಗಿ ನೋಡಿದರೆ ಕತ್ತಲೊಳಗೆ ಅವನ ಧೋತರದ ಬಿಳುಪು ಅಡ್ಡಬಿದ್ದದ್ದು ಕಂಡಿತು. ಹಗೇವಿನಲ್ಲಿ ಬಿದ್ದವನನ್ನು ತೆಗೆಯಲು ಇಳಿದವನೂ ಅಲ್ಲೇ ಉಳಿಯುತ್ತಾನೆ. ಒಂದೇ ಮನೆಯ ಅಣ್ಣತಮ್ಮಂದಿರು ಒಬ್ಬರ ಹಿಂದೆ ಒಬ್ಬರು ಹೋದದ್ದನ್ನು ನಾನು ಕೇಳಿದ್ದೆ. ಇಳಿಯಲಿಲ್ಲ. ಈ ಮಾತನ್ನು ನೀವು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು: ನಾನು ಇಳಿಯಲಿಲ್ಲ. ಹಗ್ಗ ಹಿಡಿದು, ಶರಣ್ಯಾ, ಹಗ್ಗ ಹಿಡಿ, ಹಗ್ಗ ಹಿಡಿಯೋ ಎಂದು ಒದರಿದೆ. ಊರ ಕಡೆ ತಿರುಗಿ ಒದರಿದೆ. ಮತ್ತೆ ಹಗೇವಿನ ಬಾಯೊಳಗೆ ಒದರಿದೆ.

ಆಗ ಹಗ್ಗ ಜಗ್ಗಿತು. ಬಿದ್ದವನ ಕೈ ತಾಗಿ ಅಲುಗಿದ ಹಾಗಲ್ಲ. ಬಾವಿಯೊಳಗಿನಿಂದ ಮೇಲಿನವನಿಗೆ ಎಳಿ ಎಂದು ಸನ್ನೆ ಮಾಡುತ್ತಾರಲ್ಲ, ಹಾಗೆ. ನಾನು ಬಾಯಿಯ ಕಲ್ಲಿಗೆ ಕಾಲು ಕೊಟ್ಟು ಎಳೆದೆ. ಆ ಶಕ್ತಿ ಎಲ್ಲಿಂದ ಬಂತು ಎಂದು ಕೇಳಬೇಡಿ. ಹೆದರಿದವನಿಗೆ ಬರುತ್ತದೆ, ಅದರಲ್ಲಿ ವಿಚಿತ್ರವೇನೂ ಇಲ್ಲ. ಮೇಲೆ ಬಂದದ್ದು ಪುಟ್ಟಿಯಲ್ಲ, ಶರಣಪ್ಪ. ಕುತ್ತಿಗೆ ಜೋತುಬಿದ್ದಿತ್ತು, ಮುಖ ನೀಲಿಗಟ್ಟಿತ್ತು. ಹಗ್ಗ ಎರಡೂ ಕಂಕುಳ ಕೆಳಗಿನಿಂದ ಹಾದು ಬೆನ್ನ ಹಿಂದೆ ಗಂಟು ಬಿದ್ದಿತ್ತು.

ಅವನನ್ನು ಎಳೆದು ಮಲಗಿಸುವ ಹೊತ್ತಿಗೆ ನಿಂಗವ್ವ ಓಡುತ್ತ ಬಂದಳು. ನಮಗೆ ಬುತ್ತಿ ತರುತ್ತಿದ್ದವಳು ಅದನ್ನು ದಾರಿಯಲ್ಲೇ ಎಸೆದು ಬಂದಿದ್ದಳು. ಹಿಂದೆಯೇ ಊರಿನ ನಾಲ್ಕು ಜನ ಬಂದರು. ನೀರು ಚಿಮುಕಿಸಿದರು, ಎದೆ ತಿಕ್ಕಿದರು, ಸೆರಗಿನಿಂದ ಗಾಳಿ ಹಾಕಿದರು. ಬಹಳ ಹೊತ್ತಿನ ಮೇಲೆ ಉಸಿರು ಸರಿಯಾಯಿತು. ಗಂಟು ಬಿಚ್ಚಿದವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಾವಿಯ ಹೂಳು ತೆಗೆಯಲು ಇಳಿಯುವವರು ಹಾಕುವ ಗಂಟಂತೆ ಅದು. ಭಾರ ಬಿದ್ದರೆ ಜಾರುವುದಿಲ್ಲ, ಎದೆಯನ್ನು ಹಿಚುಕುವುದೂ ಇಲ್ಲ. ಯಾವನೂ ತನಗೆ ತಾನೇ ಬೆನ್ನ ಹಿಂದೆ ಅದನ್ನು ಹಾಕಿಕೊಳ್ಳಲಾರ. ಎಲ್ಲರೂ ನನ್ನ ಮುಖ ನೋಡಿದರು. ನಾನಲ್ಲ ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಸಂಜೆ ಶರಣಪ್ಪ ಕಣ್ಣು ಬಿಟ್ಟ. ಸುತ್ತಲೂ ನೋಡಿ ನನ್ನ ಮೇಲೆ ದೃಷ್ಟಿ ನಿಲ್ಲಿಸಿದ.

"ನೀ ಯಾಕ ಇಳದಿ ಲೇ," ಅಂದ. "ನಿನಗ ಏನರೆ ಆಗಿದ್ದರ ನಿನ್ನ ಮಕ್ಕಳಿಗಿ ನಾ ಏನ್ ಹೇಳ್ತಿದ್ದೆ?"

ನನಗೆ ಅವನು ಬದುಕಿದನಲ್ಲ ಎಂಬ ಸಂತೋಷಕ್ಕೆ ಅಳು ಬಂತು. ಇಳಿಯಲಿಲ್ಲ ಎಂದು ಹೇಳಲು ಅದು ಹೊತ್ತಾಗಿರಲಿಲ್ಲ. ಹೇಳದೆ ಬಿಟ್ಟದ್ದೇ ತಡ, ಕತೆ ಊರು ದಾಟಿತು. ಕಡಗಂಚಿಯ ಗಿರಾಕಿಗಳು ಅಂಗಡಿಗೆ ಬಂದು ನನ್ನನ್ನು ನೋಡಿ ಹೋದರು. ಬಟ್ಟೆ ಕೊಳ್ಳದೆ ಬರೀ ನೋಡಿ ಹೋಗುವ ಗಿರಾಕಿಗಳು, ನನ್ನ ಕರ್ಮ!

ಶರಣಪ್ಪ ಸುಧಾರಿಸಿಕೊಂಡ ಮೇಲೆ ಅವನ ಎದುರು ಕುಳಿತು ಇದ್ದದ್ದು ಇದ್ದಂತೆ ಹೇಳಿದೆ. ಅವನು ನಕ್ಕ. ಬಿದ್ದಲ್ಲಿ ನನಗೆ ಅರೆ ಎಚ್ಚರವಿತ್ತು, ನೀನು ಬಂದು ಕಂಕುಳಿಗೆ ಕೈ ಹಾಕಿ ಕುಳ್ಳಿರಿಸಿದಿ, ಮೇಲೆ ನೋಡು ಅಂದಿ, ಮುಖವನ್ನು ಹಗೇವಿನ ಬಾಯಿಯ ಬೆಳಕಿಗೆ ಎತ್ತಿ ಹಿಡಿದಿ, ಆಮೇಲೆ ಹಗ್ಗ ಕಟ್ಟಿದಿ ಎಂದು ಒಂದೊಂದಾಗಿ ಹೇಳಿದ. ಕತ್ತಲಲ್ಲಿ ಯಾರ ಮುಖ ಕಂಡೆಯೋ ಎಂದೆ.

"ಮಾರಿ ಕತ್ತಲ್ದಾಗ ಇತ್ತು," ಅಂದ. "ಕೈ ನನಗ ಗೊತ್ತಿಲ್ಲೇನು? ನಿನ್ನ ಮೆತ್ತನ ಕೈ."

ನಾನು ಕೆಳಗಿದ್ದರೆ ಮೇಲಿನಿಂದ ಎಳೆದವರು ಯಾರು? ಇದಕ್ಕಾದರೂ ಉತ್ತರ ಕೊಡು ಎಂದು ಪಟ್ಟು ಹಿಡಿದೆ. ಅವನು ನಿರಾಳವಾಗಿ, ಮೇಲೂ ನೀನೇ ಇದ್ದಿ, ಕೆಳಗೂ ನೀನೇ ಇದ್ದಿ, ನನ್ನ ಪಾಲಿಗೆ ಅಷ್ಟು ಸಾಕು ಎಂದುಬಿಟ್ಟ. ಅವನಿಗೆ ಸಾಕಾಯಿತು. ನನಗೆ ಅಂದಿನಿಂದ ನಿದ್ದೆ ಹೋಯಿತು.

ಹುಚ್ಚು ಹಿಡಿಯುವುದು ಹೀಗೆಯೇ ಇರಬೇಕು ಎಂದುಕೊಂಡೆ. ನಾನು ಇಳಿದು, ಕಟ್ಟಿ, ಹತ್ತಿ ಬಂದು, ಅದಷ್ಟನ್ನೇ ಮರೆತೆನೇನು? ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಬಟ್ಟೆಯ ಅಂಚು ಹರಿದು ಆ ಗಂಟು ಹಾಕಲು ನೋಡುತ್ತಿದ್ದೆ. ಒಮ್ಮೆಯೂ ಬರಲಿಲ್ಲ. ಬರಲಿಲ್ಲವೆಂದು ಒಂದು ಗಳಿಗೆ ಸಮಾಧಾನ, ಮರುಗಳಿಗೆ ಮತ್ತೆ ತಳಮಳ. ನನ್ನ ಹೆಂಡತಿ ಜೇವರ್ಗಿಯ ಕಡೆಯವಳು, ನೇರ ಮಾತಿನವಳು. ಇಳಿದರೂ ಅವನು ಬದುಕಿದ, ಇಳಿಯದಿದ್ದರೂ ಬದುಕಿದ, ನಿಮಗೇನು ಧಾಡಿ, ಉಂಡು ಮಲಗಿರಿ ಅನ್ನುತ್ತಿದ್ದಳು. ಉಂಡು ಮಲಗುವುದೇ ಆಗುತ್ತಿರಲಿಲ್ಲ.

ಇದರ ಮೇಲೆ ನಿಂಗವ್ವನ ಉಪಚಾರ. ಮಗ ಎದ್ದು ಓಡಾಡಿದ ದಿನವೇ ಬಂದು ಅಂಗಡಿಯ ಮೆಟ್ಟಿಲ ಮೇಲೆ ನನ್ನ ಕಾಲಿಗೆ ಬಿದ್ದಳು. ಹೆತ್ತವ್ವನ ಸಮಾನಳಾದವಳು ಕಾಲಿಗೆ ಬಿದ್ದರೆ ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಚಳಿಗಾಲದಲ್ಲಿ ಹಸಿ ಜೋಳದ ತೆನೆ ಸುಟ್ಟು ಸೀತನಿ ಮಾಡುತ್ತಾರೆ. ಹೊಲದ ಮೊದಲ ಸೀತನಿ ದೇವರಿಗೆ, ಆಮೇಲೆ ಮನೆಯವರಿಗೆ. ಆ ವರ್ಷದಿಂದ ನಿಂಗವ್ವ ಅದನ್ನು ದೇವರಿಗಿಂತ ಮೊದಲು ನನ್ನ ಮನೆಗೆ ತರತೊಡಗಿದಳು. ಬೆಲ್ಲ, ಕೊಬ್ಬರಿ, ಶೇಂಗಾದ ಹಿಂಡಿ ಚಟ್ನಿಯ ಸಮೇತ ತಂದು ನಾನು ಬಾಯಿಗೆ ಹಾಕುವ ತನಕ ನಿಂತಿರುತ್ತಿದ್ದಳು. ನಮ್ಮ ಮನೆಯವರೆಲ್ಲ ಸವಿದು ತಿನ್ನುತ್ತಿದ್ದರು. ನನಗೆ ಮಾತ್ರ ಬೇರೆಯವರ ಎಲೆಗೆ ಕೈ ಹಾಕಿದ ಹಾಗೆ ಆಗುತ್ತಿತ್ತು. ನಾನು ಮಾಡಿಲ್ಲ ಯವ್ವಾ ಎಂದರೆ, ತಿನ್ನಪ್ಪ, ತಿನ್ನು ಅನ್ನುತ್ತಿದ್ದಳು, ಅಷ್ಟೆ. ಶರಣಪ್ಪನಿಗೆ ಗಂಡು ಹುಟ್ಟಿತು, ಅದಕ್ಕೆ ನನ್ನ ಹೆಸರನ್ನೇ ಇಟ್ಟ.

ಊರಿನಲ್ಲಿ ಕೆಲವರು ಹೊಸ ಮಾತು ತೆಗೆದರು. ಇವನು ಇಳಿದಿಲ್ಲ ಅನ್ನುತ್ತಾನೆ, ಅವನು ಕಂಡೆ ಅನ್ನುತ್ತಾನೆ, ಹಾಗಾದರೆ ಇವನ ರೂಪದಲ್ಲಿ ಬಂದವನು ದತ್ತನೇ ಸೈ ಎಂದರು. ಗಾಣಗಾಪುರದಲ್ಲಿ ಮಧ್ಯಾಹ್ನದ ಹೊತ್ತು ದತ್ತ ಯಾವ ರೂಪದಲ್ಲಾದರೂ ಭಿಕ್ಷೆಗೆ ಬರುತ್ತಾನೆಂದು ನಂಬಿಕೆ. ಅಲ್ಲಿಗೆ ಹೋಗಿ ಐದು ಮನೆಯ ಮಧುಕರಿ ಭಿಕ್ಷೆ ಬೇಡಿ ಉಂಡರೆ ಋಣ ತೀರುತ್ತದೆಂದು ಶರಣಪ್ಪನಿಗೆ ಯಾರೋ ಹೇಳಿದರು. ಒಬ್ಬನೇ ಹೋಗುವುದಿಲ್ಲ ಎಂದು ಕುಳಿತ. ನಂಬಿಕೆ ಇಲ್ಲದಿದ್ದರೂ ಗೆಳೆಯನಿಗಾಗಿ ಹೊರಟೆ. ಚೌಡಾಪುರದ ತನಕ ಮೋಟಾರು, ಅಲ್ಲಿಂದ ನಡಿಗೆ. ದಾರಿಯುದ್ದಕ್ಕೂ ಅವನು ಹಾಡಿಕೊಂಡು ನಡೆದ. ಅವನ ಆರಾಮ ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಮಧ್ಯಾಹ್ನ ಸ್ನಾನ ಮಾಡಿ ಜೋಳಿಗೆ ಹಿಡಿದು ಐದು ಮನೆ ಬೇಡಿ ಬಂದ. ಮುರಿದ ರೊಟ್ಟಿ, ಬೇಳೆ, ಅನ್ನ. ಅಷ್ಟು ಜನ ಕುಳಿತಲ್ಲಿ ಅದನ್ನು ಎಲೆಯಲ್ಲಿ ಹಾಕಿ ತಂದು ನನ್ನ ಮುಂದೆ ಇಟ್ಟು ಕೈ ಮುಗಿದ. ನೀನು ಉಣ್ಣು, ಆಮೇಲೆ ನಾನು ಉಣ್ಣುತ್ತೇನೆ ಎಂದ. ಸುತ್ತಲಿನವರೂ ನನ್ನ ಕಡೆ ತಿರುಗಿ ಕೈ ಮುಗಿಯಲು ಶುರುಮಾಡಿದರು! ನನ್ನ ತಲೆ ಕೆಟ್ಟಿತು.

"ನಾ ದೇವ್ರೂ ಅಲ್ಲ, ದೆವ್ವಾನೂ ಅಲ್ಲ," ಎಂದು ಎದ್ದು ನಿಂತೆ. "ನಾ ಏನೂ ಮಾಡಿಲ್ಲ. ಇನ್ನೊಮ್ಮಿ ಈ ಮಾತು ನನ್ನ ಮುಂದ ತೆಗೀಬ್ಯಾಡ."

ಅವನು ಎಲೆಯನ್ನು ನೋಡುತ್ತ ಕುಳಿತಿದ್ದ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದ.

"ನನ್ನ ಜೀವ ಉಳಿಸಿದ್ದು ನಿನಗ ಅಷ್ಟು ನಾಚಿಕಿ ಆಗ್ಯದೇನು?"

ಅಲ್ಲಿಂದ ಬೇರೆ ಬೇರೆಯಾಗಿ ಬಂದೆವು. ಸಂತೆಯ ದಿನ ಅವನು ನಮ್ಮ ಓಣಿ ಬಿಟ್ಟು ಬೇರೆ ಓಣಿಯಿಂದ ಹೋಗತೊಡಗಿದ. ಬಟ್ಟೆ ಬೇರೆ ಅಂಗಡಿಯಲ್ಲಿ ಕೊಂಡ. ಸಾವಿನಿಂದ ತಿರುಗಿ ಬಂದ ಗೆಳೆಯ ಬದುಕಿರುವಾಗಲೇ ನನಗೆ ಇಲ್ಲವಾದ. ಮಾಡದ ಉಪಕಾರವನ್ನು ಮಾಡಿದೆ ಎಂದು ಒಪ್ಪಿಕೊಂಡರೆ ಅವನು ಸಿಗುತ್ತಾನೆ. ಒಪ್ಪಿಕೊಂಡರೆ ನನ್ನ ತಲೆ ನನ್ನದಾಗಿ ಉಳಿಯುವುದಿಲ್ಲ. ವರ್ಷಗಳು ಹೋದವು. ನಿಂಗವ್ವ ಮಾತ್ರ ಚಳಿಗಾಲ ಬಂತೆಂದರೆ ಸೀತನಿ ಹೊತ್ತು ಬರುವುದನ್ನು ಬಿಡಲಿಲ್ಲ. ಮಗ ಮಾತಾಡದಿದ್ದರೆ ತನಗೇನು ಎಂಬಂತೆ ಬಂದು, ತಿನ್ನಿಸಿ, ಹೋಗುತ್ತಿದ್ದಳು.

ಒಂದು ವರ್ಷ ಸೀತನಿಯ ಕಾಲದಲ್ಲಿ ಅವಳು ಬರಲಿಲ್ಲ. ಹಾಸಿಗೆ ಹಿಡಿದಿದ್ದಾಳೆ, ನಿನ್ನನ್ನು ಕರೆಯುತ್ತಿದ್ದಾಳೆ ಎಂದು ಹೇಳಿ ಕಳಿಸಿದರು. ಹೋದೆ. ಶರಣಪ್ಪ ಕಟ್ಟೆಯ ಮೇಲೆ ಕುಳಿತಿದ್ದ, ನನ್ನನ್ನು ಕಂಡು ಸರಿದು ದಾರಿ ಬಿಟ್ಟ. ದಾರಿಯಲ್ಲೇ ನಾನು ಒಂದು ನಿಶ್ಚಯ ಮಾಡಿದ್ದೆ. ಸಾಯುವ ಮುದುಕಿಯ ಎದುರಾದರೂ ಒಪ್ಪಿಕೊಂಡುಬಿಡಬೇಕು, ಅವಳ ಮನಸ್ಸು ತಣ್ಣಗಾಗಲಿ, ಅದು ಮಗನ ಕಿವಿಗೆ ಬಿದ್ದು ಅವನ ಮನಸ್ಸೂ ತಿರುಗಲಿ. ನನ್ನ ತಲೆ ಹಾಳಾದರೆ ಆಗಲಿ.

ಒಳಗೆ ಅವಳೊಬ್ಬಳೇ ಇದ್ದಳು. ಪಕ್ಕಕ್ಕೆ ಕುಳಿತು, ಯವ್ವಾ, ಅವತ್ತು ನಾನೇ ಇಳಿದಿದ್ದೆ, ಗಂಟು ಕಟ್ಟಿದ್ದೂ ನಾನೇ, ಸಂಕೋಚಕ್ಕೆ ಇಷ್ಟು ದಿನ ಇಲ್ಲ ಎಂದೆ ಎಂದು ಒಂದೇ ಉಸಿರಿಗೆ ಹೇಳಿದೆ.

ನಿಂಗವ್ವ ನನ್ನನ್ನು ದಿಟ್ಟಿಸಿ ನೋಡಿದಳು.

"ಸಾಯೋರ ಮುಂದ ಸುಳ್ಳು ಹೇಳಬಾರದಪ್ಪ," ಅಂದಳು. "ನೀ ಇಳಿದಿಲ್ಲ. ಬುತ್ತಿ ಹೊತ್ತು ಬರ್ಲಾಕತ್ತಿದ್ದೆ, ಹಳ್ಳದ ಆಚಿ ದಂಡಿಯಿಂದ ನೋಡೀನಿ. ನೀ ಮ್ಯಾಲೇ ಇದ್ದಿ. ಹಗ್ಗ ಹಿಡಕೊಂಡು ನನ್ನ ಮಗನ ಹೆಸರು ಹಚ್ಚಿ ಒದರ್ತಿದ್ದಿ. ಅಂವ ಹೊರಗ ಬರೋತನ ನಿನ್ನ ಮ್ಯಾಲಿಂದ ನಾ ಕಣ್ಣು ತೆಗದಿಲ್ಲ."

ಇಷ್ಟು ವರ್ಷ ನಾನು ಹುಚ್ಚನಾಗಿರಲಿಲ್ಲ. ನನ್ನ ಮಾತಿಗೆ ಒಬ್ಬಳು ಸಾಕ್ಷಿ ಇದ್ದಳು. ಅವಳ ಹಾಸಿಗೆಯ ಮೇಲೆ ತಲೆ ಇಟ್ಟು ಸಣ್ಣ ಹುಡುಗನ ಹಾಗೆ ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ಮಗ ಕಂಡೆ ಅನ್ನುತ್ತಾನೆ, ಸತ್ತು ಬಂದವನ ಮಾತನ್ನು ಸುಳ್ಳು ಮಾಡುವುದು ಹೇಗೆ ಎಂದಳು. ಹಾಗಾದರೆ ನನ್ನ ಕಾಲಿಗೆ ಯಾಕೆ ಬಿದ್ದಿ, ದೇವರಿಗಿಂತ ಮೊದಲು ನನಗೆ ಯಾಕೆ ತಿನ್ನಿಸಿದಿ ಎಂದೆ.

"ಯಾರಿಗರೆ ಕೊಡಬೇಕಲ್ಲಪ್ಪ," ಅಂದಳು. "ಕಟ್ಟಿದವರು ಯಾರಂತ ನನಗೇನು ಗೊತ್ತು? ಅವರ ಮನಿ ನನಗ ಗೊತ್ತಿಲ್ಲ. ನಿನ್ನ ಮನಿ ಗೊತ್ತಿತ್ತು."

ಹೊರಗೆ ಬಂದಾಗ ಶರಣಪ್ಪ ಅಲ್ಲೇ ಇದ್ದ. ಏನಂದಳು ಎಂದು ಕೇಳಿದ. ಎಷ್ಟೋ ವರ್ಷಗಳ ಮೇಲೆ ಅವನು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಉಂಡು ಹೋಗು ಅಂದಳು ಎಂದೆ. ಅವನು ಎದ್ದು ತಂಬಿಗೆಯಲ್ಲಿ ನೀರು ತಂದು ನನ್ನ ಕೈಗೆ ಹಾಕಿದ. ಒಳಗೆ ಹೋಗಿ ಇಬ್ಬರೂ ಕುಳಿತೆವು. ಅವನು ಬಡಿಸಿದ್ದನ್ನೆಲ್ಲ ನಾನು ಉಂಡೆ, ಒಂದಕ್ಕೂ ಬೇಡ ಅನ್ನಲಿಲ್ಲ.

ಆಮೇಲೆ ನಾವಿಬ್ಬರೂ ಆ ಮಾತನ್ನು ತೆಗೆಯಲಿಲ್ಲ. ಅವನು ಕೊನೆಯತನಕ ಕೆಳಗೆ ನನ್ನನ್ನೇ ಕಂಡಿದ್ದ. ಅವನ ತಾಯಿ ಮೇಲೆ ನನ್ನನ್ನೇ ಕಂಡಿದ್ದಳು. ಇಬ್ಬರೂ ಸುಳ್ಳಾಡುವ ಜನರಲ್ಲ. ನಾನಂತೂ ಇಳಿದಿರಲಿಲ್ಲ. ಹಾಗಾದರೆ ಆ ಗಂಟು ಹಾಕಿದ ಕೈ ಯಾರದು? ಇಂದಿಗೂ ನನಗೆ ಗೊತ್ತಿಲ್ಲ, ಆ ಕೈಯವರ ಪಾಲಿನ ಸೀತನಿಯನ್ನು ತಿಂದವನು ಮಾತ್ರ ನಾನು.